ಅಟ್ಟದಿಂದ ಒಂದು ಸಂದರ್ಶನ

ತುರುವೇಕೆರೆ ಕಡೆಯ ತೋಟದ ಮನೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಾಳೆ, ಮೂವತ್ತೆಂಟನೇ ವಾರ. ಇಡೀ ಮನೆಯಲ್ಲಿ ಇನ್ನೂ ಬುದ್ಧಿ ಹೇಳದೆ ಉಳಿದಿರುವುದು ಅಟ್ಟದ ಮೇಲಿನ ಉಂಡೆ ಕೊಬ್ಬರಿ ಮಾತ್ರ. ಅದನ್ನೇ ಮಾತಿಗೆಳೆದೆವು.

ತಾವು ಅಟ್ಟ ಹತ್ತಿ ಎಷ್ಟು ದಿನವಾಯಿತು?

ಒಂಬತ್ತು ತಿಂಗಳು ದಾಟ್ತು ಕಣಪ್ಪ. ಆ ಹುಡುಗಿ ಬಸುರಿ ಅನ್ನೋ ಫೋನು ಬಂದಾಗ ನನ್ನೊಳಗೆ ಇನ್ನೂ ನೀರಿತ್ತು. ಈಗ ನಾನು ಒಣಗಿ ಹಗುರ, ಅವಳು ಏಳೋಕೆ ಮಂಚ ಹಿಡ್ಕಬೇಕು. ನನ್ನ ಕಿವಿ ಹತ್ರ ಅಲ್ಲಾಡಿಸಿದ್ರೆ ಲೊಡಲೊಡ ಅಂತೈತೆ, ಆಗಿದೆ ಅಂತ ಗೊತ್ತಾಯ್ತದೆ. ಅವಳನ್ನ ಅಲ್ಲಾಡಿಸೋಕಾಗಲ್ವಲ್ಲ, ಅದಕ್ಕೇ ಬಂದೋರೆಲ್ಲ ಕಣ್ಣಲ್ಲೇ ತೂಕ ಹಾಕ್ತಾರೆ.

ಏನನ್ನುತ್ತಾರೆ?

ಒಬ್ಬರು ಹೊಟ್ಟೆ ಚೂಪು, ಗಂಡು ಅಂದ್ರು. ಇನ್ನೊಬ್ಬರು ಅದೇ ಹೊಟ್ಟೆ ನೋಡಿ ಗುಂಡಗೈತೆ, ಹೆಣ್ಣು ಅಂದ್ರು. ಇಬ್ಬರಿಗೂ ಕಾಫಿ ಸಿಕ್ತು. ಮೂರನೇಯೋರು ‘ಹೊಟ್ಟೆ ಇಳಿದೈತೆ, ಇವತ್ತೋ ನಾಳೆಯೋ’ ಅಂತ ಹೆದರಿಸಿ ಹೋದ್ರು. ಚೊಚ್ಚಲಲ್ಲಿ ಮಗು ತಲೆ ಎಷ್ಟೋ ಸಲ ವಾರಗಳ ಮುಂಚೇನೇ ಇಳೀತದೆ. ಉಸಿರಾಟ ಸಲೀಸಾಯ್ತದೆ, ಬಚ್ಚಲಿಗೆ ಓಡಾಟ ಜಾಸ್ತಿ ಆಯ್ತದೆ. ರಾತ್ರಿ ಅವಳು ಲೈಟು ಹಾಕಿದಾಗೆಲ್ಲ ಅಜ್ಜಿ ‘ನೋವಾ?’ ಅಂತಾರೆ. ಇಬ್ಬರಿಗೂ ನಿದ್ದೆಯಿಲ್ಲ, ನನಗೂ ಇಲ್ಲ.

ತಾಯಿ ಕಾರ್ಡಿನಲ್ಲಿ ತಾರೀಖು ಬರೆದಿದ್ದಾರಲ್ಲ?

ಬರೆದವ್ರೆ. ಕೊನೆ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಬರೆಯೋದು. ನನಗೂ 2025ರ ಹಂಗಾಮಿಗೆ ಕ್ವಿಂಟಲಿಗೆ 12,100 ಅಂತ ಬೆಂಬಲ ಬೆಲೆ ಬರೆದಿದ್ರು. ಸರಿಯಾಗಿ ಅಷ್ಟಕ್ಕೇ ಮಾರಿದ್ದು ಯಾರು? ಬರೆದ ದಿನವೇ ಹುಟ್ಟೋದು ಇಪ್ಪತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು. ಆದ್ರೆ ಬೆಂಗಳೂರಿನ ಅಳಿಯ ಆ ತಾರೀಖಿಗೇ ರಜೆ ಹಾಕಿ ಕೂತವ್ನೆ.

ಬೀಗರು ಮುಹೂರ್ತ ನೋಡಿಸಿದರಂತೆ?

ಹೂಂ, ಮುಂದಿನ ವಾರ ನಕ್ಷತ್ರ ಚೆನ್ನಾಗಿಲ್ವಂತೆ, ಈ ವಾರವೇ ಕೊಯ್ಸಿಬಿಡೋಣ ಅಂತಾರೆ. ಕಾರಣವಿಲ್ಲದೆ 39 ವಾರ ತುಂಬೋಕೆ ಮುಂಚೆ ತೆಗೆದ್ರೆ ಮಗು ಉಸಿರಾಟಕ್ಕೆ ಕಷ್ಟಪಡೋದು ಹೆಚ್ಚು ಅಂತ ಡಾಕ್ಟ್ರಮ್ಮ ಹೇಳಿದ್ರೆ ಮುಖ ಸಪ್ಪಗೆ ಮಾಡ್ಕಂಡ್ರು. ನೋಡು, ಇದೇ ಬೀಗರು ಕೊಬ್ಬರಿ ಬೆಳೆಗಾರರು. ನೀರು ಇಂಗದ ಕಾಯಿ ಒಡೆದ್ರೆ ಬೂಷ್ಟು ಹಿಡೀತದೆ, ವರ್ತಕ ತಿರುಗಿ ನೋಡಲ್ಲ ಅಂತ ಅಟ್ಟದ ಬಾಗಿಲಿಗೆ ಬೀಗ ಹಾಕಿ ಕಾಯೋ ಜನ. ನನಗಿರೋ ಮರ್ಯಾದೆ ಮೊಮ್ಮಗೂಗಿಲ್ಲ.

ಅಂದರೆ ಕಾಯುವುದೇ ಸರಿಯೆ?

ಅದನ್ನೂ ತಪ್ಪು ಜಾಗದಲ್ಲಿ ಮಾಡ್ತಾರೆ! ಮೊನ್ನೆ ಅವಳ ಮುಖ, ಕೈ ಊದಿ ತಲೆ ಸಿಡೀತಿತ್ತು, ಕಣ್ಣು ಮಂಜು ಮಂಜು. ‘ಬಸುರಿ ಅಂದ್ಮೇಲೆ ಇದ್ದಿದ್ದೇ, ಜೀರಿಗೆ ಕಷಾಯ ಕುಡಿ’ ಅಂದ್ರು. ಪುಣ್ಯಕ್ಕೆ ಆಶಾ ಕಾರ್ಯಕರ್ತೆ ಬಂದು ಬಿಪಿ ನೋಡಿಸಿ ಅಂತ ಗದರಿ ಕಳಿಸಿದಳು. ಮಗು ಆಡೋದು ಕಮ್ಮಿಯಾದ್ರೆ, ರಕ್ತ ಹೋದ್ರೆ, ನೀರು ಒಡೆದ್ರೆ, ನೋವಿರಲಿ ಬಿಡಲಿ, ಹೊರಡಬೇಕು. ನನಗೆ ನೀರು ಇಂಗಿದ್ರೆ ಹಬ್ಬ, ಅವಳಿಗೆ ನೀರು ಹೋದ್ರೆ 108.

ನೋವು ಸುಳ್ಳೋ ನಿಜವೋ ತಿಳಿಯುವುದು ಹೇಗೆ?

ಸುಳ್ಳು ನೋವು ಹೊಟ್ಟೆ ಬಿಗಿ ಮಾಡಿ, ಸ್ವಲ್ಪ ಓಡಾಡಿದ್ರೋ ಮಗ್ಗುಲು ಬದಲಾಯಿಸಿದ್ರೋ ಇಳೀತದೆ. ನಿಜದ್ದು ಹೊತ್ತು ಹೋದಂಗೆ ಜೋರಾಯ್ತದೆ, ಹತ್ತಿರ ಹತ್ತಿರ ಬತ್ತದೆ. ಗಡಿಯಾರ ನೋಡೋಕೆ ಒಬ್ಬರು ಸಾಕು. ಇಲ್ಲಿ ಒಂಬತ್ತು ಜನ ನೋಡ್ತಾರೆ, ಒಂಬತ್ತು ಟೈಮು ಹೇಳ್ತಾರೆ.

ಆಸ್ಪತ್ರೆ ಖರ್ಚು?

ಸರ್ಕಾರಿ ಆಸ್ಪತ್ರೆಲಿ ಹೆರಿಗೆ, ಸಿಸೇರಿಯನ್ನು, ಔಷಧಿ, ಊಟ ಎಲ್ಲ ಪುಕ್ಕಟೆ. 2011ರಿಂದಲೇ ಜನನಿ ಶಿಶು ಸುರಕ್ಷಾ ಅಂತ ಯೋಜನೆ ಐತೆ. ವಾಪಸ್ ಬಿಡೋಕೆ ನಗು-ಮಗು ಗಾಡಿ. ತಾಯಿ ಕಾರ್ಡು ಮಾತ್ರ ಕೈಲಿರಬೇಕು. ಅದು ಈಗ ಪಂಚಾಂಗದ ಕೆಳಗೆಲ್ಲೋ ಸೇರ್ಕಂಡೈತೆ, ಮೊದಲು ಹುಡುಕಿಸು.

ತಮ್ಮ ಮುಂದಿನ ಕಾರ್ಯಕ್ರಮ? ತಿಪಟೂರು ಟೆಂಡರ್?

ನನ್ನ ಜೊತೆಯೋರು ಹೋಗ್ತಾರೆ. ನಮ್ಮ ಈ ಮೂಲೆಯ ಕುಕ್ಕೇನ ಅಜ್ಜಿ ಬಾಣಂತಿ ಉಂಡೆಗೆ ಅಂತ ಎತ್ತಿಟ್ಟವ್ರೆ. ಬೆಲ್ಲ, ಅಂಟು, ಗಸಗಸೆ ಆಗಲೇ ಬಂದವೆ. ನೀನು ಇಳಿದು ಹೋಗಿ ಆ ಅಳಿಯನಿಗೆ ಫೋನ್ ಮಾಡು: ರಜೆ ವಾಪಸ್ ತಗೊಂಡು, ಮಗು ಹುಟ್ಟಿದ ಮೇಲೆ ಹಾಕಲಿ. ಆಗ ರಾತ್ರಿಯೆಲ್ಲ ಎದ್ದಿರೋಕೆ ಜನ ಬೇಕು, ಉಂಡೆ ತಿನ್ನೋಕಲ್ಲ.