ಬಡತನಕ್ಕೆ ಓಟಿಪಿ ಬಂತಾ?

ಬಡವರ ಮಕ್ಕಳು ಓದಿ ಮುಂದೆ ಬರಬೇಕು ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆಳುವ ಪಕ್ಷಕ್ಕೂ ಇಲ್ಲ, ವಿರೋಧ ಪಕ್ಷಕ್ಕೂ ಇಲ್ಲ, ಅವರ ಅರ್ಜಿ ತಿರಸ್ಕರಿಸುವ ಕಂಪ್ಯೂಟರಿಗಂತೂ ಇಲ್ಲವೇ ಇಲ್ಲ. ತಕರಾರು ಇರುವುದು ಒಂದೇ ಕಡೆ: ಬಡವರು ಯಾರು?

ಇದಕ್ಕೆ ಸರ್ಕಾರಗಳು ಉತ್ತರ ಕೊಟ್ಟಿಲ್ಲ ಎನ್ನುವಂತಿಲ್ಲ, ಬೇಕಾದಷ್ಟು ಕೊಟ್ಟಿವೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡು ಬೇಕಿದ್ದರೆ ಮನೆಯ ಆದಾಯ ವರ್ಷಕ್ಕೆ 1.2 ಲಕ್ಷ ರೂಪಾಯಿ ದಾಟಬಾರದು. ಪರಿಶಿಷ್ಟ ಜಾತಿಯ ಹುಡುಗಿಗೆ ಕೇಂದ್ರದ ನಿಯಮದಂತೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗಬೇಕಾದರೆ 2.5 ಲಕ್ಷ ಮೀರಬಾರದು. 2019ರಲ್ಲಿ ಸಂವಿಧಾನಕ್ಕೆ 103ನೇ ತಿದ್ದುಪಡಿ ತಂದು ಮೇಲ್ಜಾತಿಯ ಬಡವರಿಗೆ ಶೇ 10 ಮೀಸಲಾತಿ ಕೊಟ್ಟಾಗ ಬಡತನದ ಮಿತಿ 8 ಲಕ್ಷಕ್ಕೆ ನೆಗೆಯಿತು. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ 12 ಲಕ್ಷ ದುಡಿಯುವವರ ಪಾಡು ನೋಡಲಾರದೆ ಅವರ ಆದಾಯ ತೆರಿಗೆಯನ್ನೇ ಬಿಟ್ಟುಕೊಡಲಾಯಿತು. ಹೀಗಾಗಿ ತಿಂಗಳಿಗೆ 21 ಸಾವಿರ ದುಡಿಯುವ ದಲಿತ ಅಪ್ಪ ಸ್ಥಿತಿವಂತ. 65 ಸಾವಿರ ದುಡಿಯುವ ಇನ್ನೊಬ್ಬ ಅಪ್ಪ ಬಡವ. ಲಕ್ಷ ಎಣಿಸುವವನು, ಪಾಪ, ಮಧ್ಯಮ ವರ್ಗ.

ಇನ್ನು ಆ ದಲಿತ ಹುಡುಗಿಗೆ ವಿದ್ಯಾರ್ಥಿವೇತನವೆಂದು ಸಿಗುವ ಗಂಟು ಎಷ್ಟು ಅಂತೀರಾ? ಕೇಂದ್ರದ 2021ರ ಮಾರ್ಗಸೂಚಿಯ ಪ್ರಕಾರ, ಮನೆಯಿಂದಲೇ ಹೋಗಿಬಂದು ಪಿಯುಸಿ ಓದುವವಳಿಗೆ ಶುಲ್ಕ ಬಿಟ್ಟು ನಿರ್ವಹಣೆಗೆಂದು ವರ್ಷಕ್ಕೆ 2,500 ರೂಪಾಯಿ. ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಇಂಥ ಐಶ್ವರ್ಯ ಅಪಾತ್ರರ ಪಾಲಾದರೆ ದೇಶದ ಖಜಾನೆಯ ಗತಿ ಏನಾಗಬೇಕು? ಅದಕ್ಕೇ ಈ ಪರಿಯ ಕಾವಲು.

ಕಾವಲಿನ ವೈಭವ ನೋಡಬೇಕೆಂದರೆ ಅರ್ಜಿ ಹಾಕುವ ಹಂಗಾಮಿನಲ್ಲಿ ರಾಯಚೂರು ಕಡೆಯ ಯಾವುದಾದರೂ ತಾಲ್ಲೂಕು ಊರಿನ ಸೈಬರ್ ಸೆಂಟರಿನ ಮುಂದೆ ನಿಲ್ಲಿ. ಕಂಪ್ಯೂಟರಿನ ಹಿಂದಿರುವ ಹುಡುಗ ತಲೆ ಎತ್ತದೆ ಕೇಳುತ್ತಾನೆ.

“ಆರ್‌ಡಿ ನಂಬರ್ ಹೇಳು ತಂಗಿ.”

ಎದುರಿಗೆ ನಿಂತ ಹುಡುಗಿ ಆ ನಂಬರಿರುವ ಪ್ರಮಾಣಪತ್ರದ ನಾಲ್ಕು ಮಡಿಕೆಯ ಜೆರಾಕ್ಸ್ ಬಿಚ್ಚಿ ಕೊಡುತ್ತಾಳೆ.

“ಇದು ಆದಾಯದ್ದು. ಐದು ವರ್ಷ ಮುಗದಾವು, ನಡಿಯಂಗಿಲ್ಲ. ನಾಡಕಚೇರಿಗೆ ಹೋಗಿ ಹೊಸಾದು ಮಾಡಿಸ್ಕೊಂಡು ಬಾ.”

“ಅಣ್ಣಾ, ನಮ್ಮ ಪರಿಸ್ಥಿತಿ ಹಂಗ ಐತ್ರಿ, ಏನೂ ಬದಲಾಗಿಲ್ಲ.”

“ನಿಮ್ಮ ಬಡತನ ಹಂಗ ಐತವ್ವಾ. ಕಾಗದದ ಬಡತನ ಮುಗದೈತಿ.”

ಕಾಗದ ಹೊಸದಾಗುತ್ತದೆ. ಆಗ ಹೆಸರು ತಾಳೆಯಾಗುವುದಿಲ್ಲ. ಆಧಾರ್‌ನಲ್ಲಿ ಯಲ್ಲಮ್ಮ ವೈ ಅಕ್ಷರದಿಂದ ಶುರುವಾದರೆ ಅಂಕಪಟ್ಟಿಯಲ್ಲಿ ಇ ಅಕ್ಷರದಿಂದ ಶುರುವಾಗಿದ್ದಾಳೆ. “ನೀವು ಇಬ್ಬರದೀರೇನು?” ಎಂದು ಹುಡುಗ ನಗುತ್ತಾನೆ. ಅವನದೇನೂ ತಪ್ಪಿಲ್ಲ, ದಿನಕ್ಕೆ ಇಂಥ ಎಷ್ಟು ಯಲ್ಲಮ್ಮಂದಿರನ್ನು ನೋಡಿದ್ದಾನೋ. ಅದೂ ಸರಿಹೋಯಿತು ಎನ್ನಿ, ಓಟಿಪಿ ಬರುತ್ತದೆ. ಆದರೆ ಬರುವುದು ಮಾವನ ಫೋನಿಗೆ. ಮಾವ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ. ಅವನು ಕೈಗೆ ಮೆತ್ತಿದ ಸಿಮೆಂಟು ತೊಳೆದು ಫೋನು ಎತ್ತುವಷ್ಟರಲ್ಲಿ ಓಟಿಪಿಯ ಆಯಸ್ಸು ತೀರಿರುತ್ತದೆ.

ಬ್ಯಾಂಕಿಗೂ ಹೋಗಬೇಕು. ಖಾತೆಗೆ ಆಧಾರ್ ಜೋಡಣೆಯಾಗಿದ್ದರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಅದೇನೆಂದು ಕೇಳಿದರೆ ಕೌಂಟರಿನವರು “ನಾಳೆ ಬಾ” ಎನ್ನುತ್ತಾರೆ. ಜೊತೆಗೆ ಬಂದ ಅವ್ವನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಉದ್ಯೋಗ ಖಾತ್ರಿಯ 2025–26ರ ದರ ಹಿಡಿದರೂ ದಿನಕ್ಕೆ 370 ರೂಪಾಯಿ. ಮೂರು ಸಲ ಓಡಾಡಿದರೆ 1,110. ಸೈಬರಿನವನಿಗೆ, ಜೆರಾಕ್ಸಿಗೆ ಕೊಟ್ಟದ್ದು ಬೇರೆ. ಪುಣ್ಯಕ್ಕೆ ಶಕ್ತಿ ಯೋಜನೆಯಿಂದಾಗಿ ಬಸ್ಸು ಪುಕ್ಕಟೆ. ಈ ಇಡೀ ವ್ಯವಹಾರದಲ್ಲಿ ದಾಖಲೆಗಳ ಕಟ್ಟು ಕೇಳದೆ ಹತ್ತಿಸಿಕೊಳ್ಳುವುದು ಕೆಂಪು ಬಸ್ಸೊಂದೇ.

ಇಷ್ಟಾದ ಮೇಲೆ ದುಡ್ಡಿನ ಸರದಿ. ಅದರಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನದನ್ನು ಹಾಕುತ್ತದೆ. ನೀ ಮೊದಲು, ನಾ ಆಮೇಲೆ ಎನ್ನುವ ಈ ಮರ್ಯಾದೆ ಮುಗಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಪೋರ್ಟಲ್ ಇಲ್ಲದ ಅನಾಗರಿಕ ಕಾಲದಲ್ಲಿ ಏನಾಗುತ್ತಿತ್ತು ಗೊತ್ತೆ? ಬೊಂಬಾಯಿಯಲ್ಲಿ ಕೇಳೂಸ್ಕರ್ ಎಂಬ ಮೇಷ್ಟ್ರು ಒಬ್ಬ ಹುಡುಗನನ್ನು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಮುಂದೆ ನಿಲ್ಲಿಸಿದರು. ಮಹಾರಾಜರು ಒಂದಷ್ಟು ಪ್ರಶ್ನೆ ಕೇಳಿ ಕಾಲೇಜು ಓದಲು ತಿಂಗಳಿಗೆ 25 ರೂಪಾಯಿ ಮಂಜೂರು ಮಾಡಿದರು. 1913ರಲ್ಲಿ ಅದೇ ಸಂಸ್ಥಾನ ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಕೊಟ್ಟು ಅವನನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಎಂಥ ಬೇಜವಾಬ್ದಾರಿ! ಅಪ್ಪ ರಾಮಜಿ ಸಕ್ಪಾಲ್, ಮಗ ಭೀಮರಾವ್ ಅಂಬೇಡ್ಕರ್: ಅಡ್ಡಹೆಸರೇ ತಾಳೆಯಾಗುವುದಿಲ್ಲ. ಹುಟ್ಟಿದ್ದು ಮಹೂನಲ್ಲಿ, ಮೂಲ ಊರು ರತ್ನಾಗಿರಿ ಕಡೆ, ಓದು ಬೊಂಬಾಯಿಯಲ್ಲಿ, ದುಡ್ಡು ಬರೋಡಾದ್ದು. ವಾಸಸ್ಥಳ ದೃಢೀಕರಣ ಯಾರು ಕೊಡಬೇಕು? ನಮ್ಮ ಪೋರ್ಟಲ್ ಆಗಲೇ ಇದ್ದಿದ್ದರೆ ಮೊದಲ ಪುಟದಲ್ಲೇ ತಡೆದು, ಸಂವಿಧಾನ ಕರಡು ಸಮಿತಿಗೆ ಬೇರೆ ಅಧ್ಯಕ್ಷರನ್ನು ಹುಡುಕುವ ಹಾಗೆ ಮಾಡುತ್ತಿತ್ತು. ಅಂದಹಾಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅದೇ ಹುಡುಗ ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯನಾಗಿದ್ದಾಗ.

ಸರ್ಕಾರಕ್ಕೆ ಮಾಹಿತಿ ಇಲ್ಲ ಎಂದು ಮಾತ್ರ ಹೇಳಬೇಡಿ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದತಿಯ ಗದ್ದಲ ಎದ್ದಿತ್ತಲ್ಲ, ಆಗ ಯಾರನ್ನೂ ಆದಾಯ ಪ್ರಮಾಣಪತ್ರ ತನ್ನಿ ಎಂದು ನಾಡಕಚೇರಿಗೆ ಅಟ್ಟಲಿಲ್ಲ. ಯಾರ ಆದಾಯ ಎಷ್ಟು, ಯಾರು ತೆರಿಗೆ ಕಟ್ಟುತ್ತಾರೆ ಎಂಬುದು ಕಂಪ್ಯೂಟರಿಗೆ ಬಾಯಿಪಾಠವಾಗಿತ್ತು. ಕಸಿಯುವಾಗ ಇರುವ ಈ ನೆನಪಿನ ಶಕ್ತಿ ಕೊಡುವ ಹೊತ್ತಿಗೆ ಕೈಕೊಡುತ್ತದೆ.

ಆರ್‌ಡಿ ನಂಬರ್ ಕೊಟ್ಟದ್ದು ಕಂದಾಯ ಇಲಾಖೆ. ರೇಷನ್ ಕಾರ್ಡು ಆಹಾರ ಇಲಾಖೆಯದು. ಅಂಕಪಟ್ಟಿ ಸರ್ಕಾರದ್ದೇ ಮಂಡಳಿಯದು. ಸರ್ಕಾರದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರ್ಕಾರದ್ದೇ ಕಾಗದ ಹೊರುವ ಬಿಟ್ಟಿ ಚಾಕರಿ ಈ ಹುಡುಗಿಗೇಕೆ? ಸಮಾಜ ಕಲ್ಯಾಣ ಸಚಿವರಲ್ಲಿ ಒಂದೇ ಬಿನ್ನಹ: ಕಾಲೇಜು ತೆರೆದ ತಿಂಗಳಲ್ಲೇ ದುಡ್ಡು ಹಾಕಿ, ಕಾಗದಗಳನ್ನು ಆಮೇಲೆ ನೀವೇ ಹುಡುಕಿಕೊಳ್ಳಿ. ಅದಾಗುವುದಿಲ್ಲ ಎಂದಾದರೆ ಮುಂದಿನ ವರ್ಷ ಪೋರ್ಟಲ್ ತೆರೆದ ದಿನ ಇಲಾಖೆಯ ದೊಡ್ಡ ಅಧಿಕಾರಿಗಳೊಬ್ಬರು ಪಿಎ ಸಹಾಯವಿಲ್ಲದೆ, ಪಕ್ಕದ ಮನೆಯವರ ಫೋನಿಗೆ ಓಟಿಪಿ ತರಿಸಿಕೊಂಡು, ಒಂದೇ ಒಂದು ಅರ್ಜಿ ತುಂಬಿ ತೋರಿಸಲಿ.