ಬರೇ ರುಚಿ ನೋಡಿದ್ನಿ

ಅಲ್ರೀ, ಖರೆ ಹೇಳ್ರಿ. ರಾಯಚೂರಿನ ಕೃಷಿ ಮೇಳಕ್ಕ ನೀವು ಹೋಗೋದು ಯಾತಕ್ಕ? ಹೊಸ ತೊಗರಿ ತಳಿ ನೋಡಾಕ ಅಂತೀರಿ. ಡ್ರೋನು ಎಣ್ಣಿ ಹೊಡಿಯೋದು ನೋಡಾಕ ಅಂತೀರಿ. ಮತ್ತ ಗೇಟ್ ದಾಟಿದ ಕೂಡಲೇ ಕಾಲು ತಾವಾಗೇ ತಿನಿಸಿನ ಅಂಗಡಿ ಕಡೆ ಹೊಳ್ಳತಾವಲ್ಲ, ಆ ಕಾಲು ಯಾರವು?

ನಾಚಬ್ಯಾಡ್ರಿ, ನಾವೂ ಮಲ್ಲಟದಿಂದ ಬಸ್ ಹತ್ತಿ ಅದಕ್ಕೇ ಬಂದೇವಿ. ದೇವದುರ್ಗದವರು, ಮಾನ್ವಿಯವರು ಎಲ್ಲಾರೂ ಅಲ್ಲೇ ಸಿಗ್ತಾರ. (2008ರಾಗ ಧಾರವಾಡದಿಂದ ಬ್ಯಾರೆ ಆಗಿ ನಮಗೊಂದು ಕೃಷಿ ವಿಶ್ವವಿದ್ಯಾಲಯ ಬಂತು. ಅಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ತಳಿ ತಯಾರು ಮಾಡ್ತಾರ. ನಾವು ಹೋಗಿ ಮಿರ್ಚಿ ತಿಂದು ಬರ್ತೀವಿ.)

ಮೊದಲು ಸಿಗೋದು ಚಟ್ನಿಪುಡಿ ಅಂಗಡಿ. ಸ್ವಸಹಾಯ ಸಂಘದ ಅಕ್ಕ ಒಬ್ಬಾಕಿ ಡಬ್ಬಿ ಸಾಲಾಗಿ ಇಟ್ಕೊಂಡು ಕುಂತಿರತಾಳ. ಶೇಂಗಾ, ಅಗಸಿ, ಗುರೆಳ್ಳು. ನೀವು ಅಂಗೈ ಚಾಚ್ತೀರಿ. ಒಂದು ಚಿಟಿಕಿ ಬಾಯಿಗೆ ಹಾಕ್ಕೊಂಡು, ಕಣ್ಣು ಮುಚ್ಚಿ, ಏನೋ ದೊಡ್ಡ ಪಂಡಿತರಂಗ "ಉಪ್ಪು ಸ್ವಲ್ಪ ಮುಂದಾಗ್ಯಾದ ನೋಡವಾ" ಅಂತೀರಿ. ಮನ್ಯಾಗ ಹಿಂಗ ಅಂದು ನೋಡ್ರಿ, ಧೈರ್ಯ ಇದ್ರ!

ಉಪ್ಪು ಮುಂದಾಗಿದ್ರ ಮತ್ತೊಂದು ಚಿಟಿಕಿ ಯಾಕ್ರಿ? ಅಗಸೀದು ಒಮ್ಮೆ, ಗುರೆಳ್ಳಿಂದು ಒಮ್ಮೆ, "ಶೇಂಗಾದ್ದು ಸರಿಯಾಗಿ ತಿಳೀಲಿಲ್ಲ" ಅಂತ ಇನ್ನೊಮ್ಮೆ. ಆಮ್ಯಾಲ ಅಂಗೈ ಝಾಡಿಸಿ "ಒಂದ್ ರೌಂಡ್ ಹೊಡದು ಬರ್ತೀವಿ" ಅಂತ ಜಾಗ ಬಿಡ್ತೀರಿ. ಆ ಅಕ್ಕಗೂ ಗೊತ್ತು, ನಿಮ್ಮ ರೌಂಡು ಮುಗಿಯಂಗಿಲ್ಲ ಅಂತ.

ಮುಂದ ವಗ್ಗರಣಿ ಬಂಡಿ. ಮಂಡಾಳು ನೀರಾಗ ಅದ್ದಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಕೂಡ ಬಾಣಲಿಗೆ ಬಿದ್ದು, ಮ್ಯಾಲ ಪುಟಾಣಿ ಪುಡಿ ಉದುರಿತು ಅಂದ್ರ ನಿಮ್ಮ ಡಾಕ್ಟರು ಹೇಳಿದ್ದೆಲ್ಲಾ ಮರತು ಹೋಗ್ತದ. "ಅರ್ಧ ಪ್ಲೇಟ್ ಸಾಕಪ್ಪ, ಬರೇ ರುಚಿಗೆ" ಅಂತೀರಿ. ಅರ್ಧ ಪ್ಲೇಟಿಗೆ ಮಿರ್ಚಿ ಎರಡು. ಅದರ ಮ್ಯಾಲ ಒಂದು ಕೊಸರು ಬ್ಯಾರೆ ಕೇಳ್ತೀರಿ! (ಮಾಲಿನಾಗ ಪಾಪ್‌ಕಾರ್ನ್ ತಗೊಂಡಾಗ ಕೊಸರು ಕೇಳಿದ್ರೇನು? ಅಲ್ಲಿ ಬಿಲ್ಲು ಸುದ್ದಾ ನೋಡದಂಗ ಕಾರ್ಡ್ ಉಜ್ಜಿದ್ರಿ.)

ಈಗ ಅಸಲಿ ವಿಷಯಕ್ಕ ಬರ್ತೀನಿ, ಸಿಟ್ಟಾಗಬ್ಯಾಡ್ರಿ. ಅಲ್ಲಿ ದೊಡ್ಡ ಪಾಳಿ ಹಚ್ಚಿ ನಿಂತೀರಲ್ಲ, ಯಾತಕ್ಕ? ಜ್ವಾಳದ ರೊಟ್ಟಿಗೆ! ನಿನ್ನೆ ರಾತ್ರಿ ಮನ್ಯಾಗ "ದಿನಾ ಇದೇ ರೊಟ್ಟಿ ಏನು, ಒಂದಿನ ಪಲಾವ್ ಮಾಡಬಾರದಾ?" ಅಂತ ಮಾರಿ ಗಂಟು ಹಾಕ್ಕೊಂಡವರು ನೀವೇ ಹೌದಿಲ್ಲೋ? ಇಲ್ಲಿ ರೊಟ್ಟಿ ಬಡಿಯೋ ಸಪ್ಪಳ ಕೇಳಿ ಮೊಬೈಲ್ ತಗದು ವಿಡಿಯೋ ಮಾಡ್ತೀರಿ. ಅದೇ ಸಪ್ಪಳಕ್ಕ ದಿನಾ ಮುಂಜಾನಿ ಮನ್ಯಾಗ "ಸ್ವಲ್ಪ ಮಲಗಾಕ ಬಿಡ್ರಿ" ಅಂತ ಚಾದರ ಎಳಕೋತೀರಿ.

2023ನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷ ಅಂದ್ರು. ದಿಲ್ಲಿಯವರು 'ಶ್ರೀ ಅನ್ನ' ಅಂತ ಹೆಸರಿಟ್ಟರು. ಜ್ವಾಳ, ಸಜ್ಜಿ, ನವಣಿ ಎಲ್ಲಾ ಅದರಾಗ ಬಂದುವು. ಆವಾಗ ನಿಮಗ ಅವುಗಳ ಮ್ಯಾಲ ಪ್ರೀತಿ ಉಕ್ಕಿತು. ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುಂದಿಟ್ಟಾಗ ಎಲ್ಲಿ ಹೋಗಿತ್ತರೀ ಆ ಪ್ರೀತಿ?

ಪುಂಡಿಪಲ್ಲೆ ಕಥಿ ಇನ್ನೂ ಚಂದ. ತಾಟಿನಾಗ ಪುಂಡಿಪಲ್ಲೆ ಕಂಡ್ರ "ಹುಳಿ, ಹಲ್ಲು ಜುಮ್ ಅಂತಾವ" ಅಂತ ಬದಿಗೆ ಸರಿಸ್ತೀರಿ. ಹೈದರಾಬಾದಿಗೆ ಹೋದಾಗ ಮೆಸ್ಸಿನಾಗ ಅದೇ ಸೊಪ್ಪಿನ ಚಟ್ನಿಗೆ ಗೋಂಗೂರ ಅಂದ್ರು ನೋಡ್ರಿ, ಎರಡು ಸಲ ಹಾಕಿಸ್ಕೊಂಡ್ರಿ. ಸೊಪ್ಪು ಅದೇ ರೀ! ಗಡಿ ದಾಟಿ ಹೆಸರು ಬದಲಿ ಮಾಡ್ಕೊಂಡದ, ಅಷ್ಟೇ.

ಹಿಂಗ ಮೂರು ತಾಸು ತಿರುಗಿ, ಹೊಟ್ಟಿ ತುಂಬಿ ತೇಗಿ, ಬಸ್ ಹತ್ತಿ ಊರಿಗೆ ಬರ್ತೀರಿ. "ಉಂಡು ಬಂದ್ರೇನು?" ಅಂತ ಮನಿಯಾಕಿ ಕೇಳ್ತಾಳ. "ಎಲ್ಲಿ ಉಣ್ಣಾದು? ಬರೇ ರುಚಿ ನೋಡಿದ್ನಿ" ಅಂತ ಕೈ ತೊಳಕೊಂಡು ಕುಂದರ್ತೀರಿ. ಆಕೀ ಎರಡು ರೊಟ್ಟಿ ಹಾಕ್ತಾಳ. ಉಣ್ಣಬೇಕು, ಇಲ್ಲಂದ್ರ ಸಿಕ್ಕಿಬೀಳ್ತೀರಿ. (ಅಂಗಿ ಮ್ಯಾಲಿನ ಮಿರ್ಚಿ ಎಣ್ಣಿ ಕಲೆ ಆಕೀ ಬಾಗಲದಾಗೇ ನೋಡ್ಯಾಳ. ಅದು ಬ್ಯಾರೆ ಮಾತು.)

ಇನ್ನೊಂದು ಉಳೀತು. ಆ ಚಟ್ನಿಪುಡಿ ಅಕ್ಕ ಇನ್ನೂ ಅಲ್ಲೇ ಕುಂತಾಳ. ಶೇಂಗಾದ್ದು ಎರಡು ಸಲ, ಅಗಸೀದು ಒಮ್ಮೆ, ಗುರೆಳ್ಳಿಂದು ಒಮ್ಮೆ, ಲೆಕ್ಕ ನನ್ನ ಹತ್ತಿರ ಅದ. ಮುಂದಿನ ಮೇಳಕ್ಕ ಹೋದಾಗ ಅಲ್ಲಿಂದಲೇ ರೌಂಡ್ ಸುರು ಮಾಡ್ರಿ, ಪಾಕೀಟು ತಗೊಂಡು ಮುಂದ ನಡೀರಿ. ಕೊಸರು ಮಾತ್ರ ಕೇಳಬ್ಯಾಡ್ರಿ ಮತ್ತ.