ಎರಡು ಉಡದಾರ, ಒಂದು ಗೇಣು

ಕಾರಿನ ಟೈರಿಗೆ ಉಡದಾರದಿಂದ ಅಳತೆ ತೆಗೆದ ಮನೆ ನಿಲಂಗಾ ತಾಲೂಕಿನಲ್ಲಿ ನಮ್ಮದೊಂದೇ ಇರಬೇಕು. ನನಗೆ ನಗು ಇನ್ನೂ ನಿಂತಿಲ್ಲ. ಅಪ್ಪನ ಎದುರಿಗೇ ನಕ್ಕಿದ್ದಕ್ಕೆ ಅವ್ವ ನನ್ನ ತಾಟಿಗೆ ತುಪ್ಪ ಹಾಕುವುದನ್ನು ನಿಲ್ಲಿಸಿದ್ದಾಳೆ.

ಎಳ್ಳಮಾವಾಸ್ಯೆಗೆ ಮಗ ಶಿವು ಪುಣೆಯಿಂದ ತನ್ನ ಸ್ವಿಫ್ಟಿನಲ್ಲಿ ಬಂದಿದ್ದ. ಕೊಂಡಾಗ ಆ ಕಾರಿಗೆ 14 ಇಂಚಿನ ಕಬ್ಬಿಣದ ಡಿಸ್ಕ್ ಇದ್ದವು. ಅವನ್ನು ಕಿತ್ತುಹಾಕಿ 17 ಇಂಚಿನ ಕಪ್ಪು ಅಲಾಯ್ ಹಾಕಿಸಿಕೊಂಡಿದ್ದಾನೆ. ಭಜ್ಜಿ, ಅಂಬಲಿ ಗಡಿಗೆ, ಎರಡು ತಲೆಮಾರಿನ ಹೆಂಗಸರನ್ನು ಹೇರಿಕೊಂಡು ಎರಿ ಹೊಲದ ದಾರಿ ಹಿಡಿದದ್ದೇ ತಡ, ಒಂದು ಟೈರಿನ ಪಕ್ಕೆಗೆ ಗುಳ್ಳೆ ಎದ್ದಿತು. ಉಳಿದ ಮೂರೂ ಸವೆದು 1.6 ಮಿಲಿಮೀಟರಿನ ಗೆರೆ ಮುಟ್ಟಿದ್ದವು. ನಾಲ್ಕೂ ಹೊಸವು ಬೇಕು. ಯಾವ ಸೈಜಿನವು ಎಂಬಲ್ಲಿ ಯುದ್ಧ ಶುರುವಾಯಿತು.

ಅಪ್ಪ ಚಸ್ಮಾ ಹಾಕಿಕೊಂಡು ಡ್ರೈವರ್ ಬಾಗಿಲು ತೆಗೆದರು. ಅಲ್ಲಿ ಕಂಪನಿಯ ಚೀಟಿ: 165/80 ಆರ್14. ಟೈರಿನ ಮೇಲೆ: 205/45 ಆರ್17.

“ಉತಾರದಾಗ ಒಂದ್ ಅದ, ಹೊಲದಾಗ ಒಂದ್ ಅದ. ಇದು ಕಬ್ಜಾ!” ಅಂದರು.

ಅವರ ಸಂಕಟ ನನಗೆ ತಿಳಿಯುತ್ತದೆ. ಅಪ್ಪ ಹುಟ್ಟಿದಾಗ ನಿಲಂಗಾ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯೊಳಗಿತ್ತು. 1956ರಲ್ಲಿ ಉಸ್ಮಾನಾಬಾದ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯದ ಪಾಲಾಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಹೋಯಿತು. ಇಷ್ಟೆಲ್ಲ ಆಗುವಾಗ ಅಪ್ಪ ಕಟ್ಟೆ ಬಿಟ್ಟು ಎದ್ದವರಲ್ಲ. ಕೂತಲ್ಲೇ ಹೊರನಾಡ ಕನ್ನಡಿಗರಾದ ಮನುಷ್ಯನಿಗೆ ಮೂಲ ಕಾಗದ ಬಿಟ್ಟರೆ ಯಾವುದರ ಮೇಲೂ ವಿಶ್ವಾಸವಿಲ್ಲ.

ಶಿವು ಮರಾಠಿಗೆ ತಿರುಗಿದ. ಸಿಟ್ಟು ಬಂದರೆ ಮರಾಠಿ, ರೊಕ್ಕ ಬೇಕಾದರೆ ಕನ್ನಡ, ಇದು ಅವನ ಪದ್ಧತಿ. 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರ ನೂರಕ್ಕೆ 45 ಪಾಲು ಪಕ್ಕೆಯ ಎತ್ತರ. 17 ಡಿಸ್ಕಿನ ಇಂಚು ಎಂದು ಕಟ್ಟೆಯ ಮೇಲೆ ಖಡುವಿನಿಂದ ಬರೆದ. ಮೊದಲಿನ ಪಕ್ಕೆ 132 ಮಿಲಿಮೀಟರ್, ಈಗಿನದು 92. ಡಿಸ್ಕ್ ದೊಡ್ಡದಾದಷ್ಟು ರಬ್ಬರ್ ತೆಳ್ಳಗಾಗಬೇಕು, ಹೊರಗಿನ ಸುತ್ತು ಅಷ್ಟೇ ಉಳಿಯಬೇಕು. ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ.

“ಸುತ್ತು ಅಷ್ಟೇ ಅದಂತ ಯಾರ್ ಅಳದಾರ?” ಅಪ್ಪನ ಪ್ರಶ್ನೆ.

ಯಾರೂ ಅಳೆದಿರಲಿಲ್ಲ. ಮನೆಯ ಟೇಪು ಯಾರೋ ಒಯ್ದಿದ್ದರು. “ನನ್ನ ಕೌದಿ ದಾರ ಮುಟ್ಟಬ್ಯಾಡ್ರಿ” ಎಂದು ಅವ್ವ ಡಬ್ಬಿ ಎತ್ತಿಟ್ಟಳು. ಅಪ್ಪ ಒಂದು ಗಳಿಗೆ ಸುತ್ತ ನೋಡಿದರು, ಆಮೇಲೆ ಸೊಂಟಕ್ಕೆ ಕೈ ಹಾಕಿದರು. ಸೊಸೆ ಗೋಡೆಯ ಕಡೆ ತಿರುಗಿದಳು.

ಉಡದಾರ ಬಿಚ್ಚಿದ ಮೇಲೆ ಧೋತರದ ಜವಾಬ್ದಾರಿ ಎಡಗೈಗೆ ಬಂತು. ಬಲಗೈಯಲ್ಲಿ ದಾರ, ಅದರ ತುದಿ ಕಾಲಿನ ಹೆಬ್ಬೆರಳ ಕೆಳಗೆ, ಎದುರಿಗೆ ಕಳಚಿಟ್ಟ ಅಲಾಯ್ ಗಾಲಿ. ಗಾಲಿ ಉರುಳತೊಡಗಿದರೆ ಧೋತರ ಬಿಡಬೇಕು, ಧೋತರ ಹಿಡಿದರೆ ಗಾಲಿ ಗಟಾರಿಗೆ. ಗಾಲಿ ಹಿಡಿಯಲು ಹೋದ ನನ್ನನ್ನು ಬೈದರು. ಹಾದಿಗುಂಟ ಹೋಗುವವನೊಬ್ಬ ನಿಂತು, “ಕಾಯ್ ಝಾಲಂ, ಆಜೋಬಾ?” ಅಂದ. ಅಪ್ಪ ತಲೆ ಎತ್ತದೆ, “ಮೋಜಣೀ ಚಾಲೂ ಆಹೆ” ಅಂದರು. ಸರ್ಕಾರಿ ಮೋಜಣಿಯವರಿಗೂ ಆ ಗಾಂಭೀರ್ಯ ಬರಲಿಕ್ಕಿಲ್ಲ.

ಫಲಿತಾಂಶ: ಅಲಾಯ್ ಗಾಲಿ ಎರಡು ಉಡದಾರ, ಒಂದು ಗೇಣು. ಡಿಕ್ಕಿಯೊಳಗಿನ ಸ್ಟೆಪ್ನಿ ಇನ್ನೂ ಹಳೆಯ 14ರದ್ದೇ. ಐದನೆಯ ಅಲಾಯ್‌ಗೆ ಶಿವುನ ಪಗಾರ ಮುಟ್ಟಿರಲಿಲ್ಲ. ಅದೂ ಎರಡು ಉಡದಾರ, ಒಂದು ಗೇಣು, ಮೇಲೆ ಅರ್ಧ ಬೆರಳು. ಶಿವು ಮೊಬೈಲಿನಲ್ಲಿ ಗುಣಿಸಿದ: 1,936 ಮಿಲಿಮೀಟರ್, 1,947 ಮಿಲಿಮೀಟರ್. ಒಂದು ಸೆಂಟಿಮೀಟರಿನ ಫರಕನ್ನೂ ಉಡದಾರ ಹಿಡಿದಿತ್ತು!

ಮೊಮ್ಮಗ ಗೆದ್ದೆನೆಂದು ಮೀಸೆ ಮುಟ್ಟಿಕೊಳ್ಳುವಷ್ಟರಲ್ಲಿ ಅಪ್ಪ ಉಡದಾರ ಕಟ್ಟಿಕೊಳ್ಳುತ್ತ ಕೇಳಿದರು: “ಅಂದ್ರ ಸುತ್ತು ಅಷ್ಟೇ, ರಬ್ಬರ್ ಕಡಿಮಿ, ರೊಕ್ಕ ಜಾಸ್ತಿ. ಇದಕ್ಕ ನೀ ಇಂಜಿನಿಯರ್ ಆದಿ?”

“ಮುತ್ಯಾ, ಲುಕ್ ಅದ ನೋಡು!”

“ಹೊಲದಾಗ ನಿನ್ನ ಲುಕ್ ಯಾರ್ ನೋಡ್ತಾರ? ಜೋಳ?”

ಕಬ್ಬಿಣದ ಡಿಸ್ಕಿಗೇ ಮರಳಿದರಾಯಿತು ಎಂದು ನಾನು ಅಂದಿದ್ದಕ್ಕೆ ಶಿವು ಭಜ್ಜಿಯ ತಾಟು ದೂಡಿದ. ಎಳ್ಳಮಾವಾಸ್ಯೆಯ ಭಜ್ಜಿ ಬಿಡುವವನನ್ನು ನಮ್ಮ ಸೀಮೆಯಲ್ಲಿ ದವಾಖಾನೆಗೆ ಒಯ್ಯುತ್ತಾರೆ. ಅಪ್ಪ ಅಲ್ಲೇ ಮೆತ್ತಗಾದರು. ಅಲಾಯ್ ಇರಲಿ, ಸೈಜೂ ಅದೇ ಇರಲಿ ಅಂದರು. ಆದರೆ ಸೈಜಿನ ಪಕ್ಕದ ಸಣ್ಣ ಅಂಕಿಯ ಅರ್ಥ ಶಿವುನಿಂದ ಹೇಳಿಸಿಕೊಂಡರು. ಕಂಪನಿಯ ಟೈರಿಗೆ 85 ಇತ್ತು, ಒಂದೊಂದು 515 ಕಿಲೋ ಹೊರುತ್ತಿತ್ತು. ಶಿವು ಹಾಕಿಸಿದ್ದು 84, ಅಂದರೆ 500.

“ಹದಿನೈದು ಕಿಲೋ ಎಲ್ಲಿ ಹೋದ್ವು?”

“ಯಾಕ, ನನ್ನ ಕಡಿ ನೋಡ್ಲತ್ತೀರಿ?” ಅಂದಳು ಅವ್ವ.

ಉದಗೀರದ ಅಂಗಡಿಯಲ್ಲಿ ಅದೇ ಸೈಜಿನಲ್ಲಿ 88ರ ಎಕ್ಸ್‌ಎಲ್ ಸಿಕ್ಕವು: 560 ಕಿಲೋ, ಹವಾ ಮಾತ್ರ ತುಸು ಹೆಚ್ಚು ತುಂಬಬೇಕು. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನು ತಿಳಿದ ಅಪ್ಪ ನಾಲ್ಕೂ ಒಂದೇ ವಾರದವು ಆಗಬೇಕೆಂದು ಗೋದಾಮು ತೆಗೆಸಿದರು. ಶಿವು ತಲೆ ತಗ್ಗಿಸಿ ಅಂಗಡಿಯ ಹೊರಗೆ ನಿಂತಿದ್ದ. ಹೆಚ್ಚಿನ ರೊಕ್ಕ ತೊಗರಿ ಮಾರಿದ್ದರಲ್ಲಿ ಕೊಟ್ಟು, ಅವನಿಗೆ ಕೇಳಿಸದಂತೆ ನನಗೆ ಹೇಳಿದರು: “ಉಮರ್ಗಾ ದಾಟಿ ಸೋಲಾಪುರ ರಸ್ತಾದಾಗ ರಾತ್ರಿ ಒಬ್ಬನೇ ಹೋಗ್ತದ ಹುಡುಗ. ಮುತ್ಯಾ ಕೊಟ್ಟಾನಂತ ಹೇಳಬ್ಯಾಡ, ನಾಳಿ 18 ಇಂಚು ಹಾಕ್ತದ.”

ಮೊನ್ನೆ ಪುಣೆಯಿಂದ ಅಪ್ಪನಿಗೆ ಫೋನ್ ಬಂತು. ಆರಾಮ ಅದಿ ಏನು ಮುತ್ಯಾ, ಮೊಣಕಾಲು ಹ್ಯಾಂಗ ಅದ, ತೊಗರಿ ಏನು ಭಾವ ಅಂತೆಲ್ಲ ಶಿವುನ ಅಚ್ಚ ಕನ್ನಡ ಹೊರಗಿನ ಕಟ್ಟೆಗೂ ಕೇಳುತ್ತಿತ್ತು. ಅಪ್ಪ ಪೂರ್ತಿ ಕೇಳಲೂ ಇಲ್ಲ, ಫೋನು ನನ್ನ ಕೈಗೆ ಕೊಟ್ಟರು.

“ತಗೋ, ಸ್ಟೆಪ್ನಿಗೂ ಅಲಾಯ್ ಬೇಕಂತ.”